ಒಪೆರಾದಲ್ಲಿ ಸೈ ಅನ್ನಿಸಿಕೊಂಡದ್ದು ಆಟದಲ್ಲಿ ಯಾಕೆ ಜಗಳ ತರುತ್ತದೆ?

ಒಪೆರಾ ಅಂದರೆ ಕಥೆಯನ್ನು ಹಾಡಿನಲ್ಲೇ ನಡೆಸುವ ಪಾಶ್ಚಾತ್ಯ ನಾಟಕ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾ ಹಳೆಯ ಶಾಸ್ತ್ರೀಯ ಕೃತಿಗಳಿಗೆ ಹೆಸರಾದ ರಂಗ. ಅಲ್ಲಿ 2024ರ ಅಕ್ಟೋಬರಿನಲ್ಲಿ ಒಸ್ವಾಲ್ದೊ ಗೊಲಿಹೋವ್ ಅವರ ‘ಐನದಮಾರ್’ ಪ್ರದರ್ಶನ ಕಂಡಿತು. ಶಾಸ್ತ್ರೀಯ ವಾದ್ಯಮೇಳ, ಸ್ಪೇನಿನ ಫ್ಲಮೆಂಕೊ ಹಾಡು, ಸ್ಪೀಕರಿನಿಂದ ಬರುವ ಎಲೆಕ್ಟ್ರಾನಿಕ್ ಸದ್ದು, ಮೂರೂ ಅದರಲ್ಲಿ ಕಲೆತಿವೆ. ಮರುವರ್ಷ ಸೆಪ್ಟೆಂಬರಿನಲ್ಲಿ ಅದೇ ಸಂಸ್ಥೆ ತನ್ನ ಹೊಸ ಋತುವನ್ನು ಮೇಸನ್ ಬೇಟ್ಸ್ ಅವರ ಕೃತಿಯಿಂದ ಶುರು ಮಾಡಿತು. ಬೇಟ್ಸ್ ಡಿಜೆ ಆಗಿಯೂ ಹೆಸರು ಮಾಡಿದವರು.

ಇಂಥ ಸುದ್ದಿ, ವಿಡಿಯೊ ತುಣುಕು ಕಾಸರಗೋಡಿನವರ ಫೋನಿಗೂ ಬರುತ್ತವೆ. ಆಗ ಆಟ, ಅಂದರೆ ಯಕ್ಷಗಾನ, ನೋಡುವವರಲ್ಲಿ ಒಂದು ಗೊಂದಲ ಏಳುತ್ತದೆ. ಅಲ್ಲಿ ಹೀಗೆ ಬೆರೆಸಿದರೆ ದೊಡ್ಡ ಸಾಧನೆ ಅನ್ನುತ್ತಾರೆ. ಇಲ್ಲಿ ಯಕ್ಷಗಾನದ ಪದಗಳನ್ನಷ್ಟೇ ಹಾಡುವ ಗಾನವೈಭವಕ್ಕೆ ಕೀಬೋರ್ಡ್ ತಂದರೆ, ಎಲೆಕ್ಟ್ರಾನಿಕ್ ತಾಳದ ರಿದಂ ಪ್ಯಾಡ್ ಇಟ್ಟರೆ ಯಕ್ಷಗಾನ ಕೆಟ್ಟಿತು ಅನ್ನುತ್ತಾರೆ. ಒಂದೇ ಕೆಲಸಕ್ಕೆ ಎರಡು ನ್ಯಾಯ ಯಾಕೆ? ನಾವು ಹಿಂದೆ ಉಳಿದಿದ್ದೇವೆಯೇ, ಅಥವಾ ಅವರು ತಮ್ಮದನ್ನು ಕೈಬಿಡುತ್ತಿದ್ದಾರೆಯೇ?

ಎರಡೂ ಇಲ್ಲ. ಈ ಎರಡು ರಂಗಗಳಲ್ಲಿ ಲಯವನ್ನು ಹಿಡಿಯುವ ಕೈ ಬೇರೆ ಬೇರೆ. ಯಾವ ವಾದ್ಯ ಬಂತು ಅನ್ನುವುದಕ್ಕಿಂತ, ಬಂದ ವಾದ್ಯ ಯಾರ ಮಾತು ಕೇಳುತ್ತದೆ ಅನ್ನುವುದೇ ಇಲ್ಲಿ ಮುಖ್ಯ. ಅದನ್ನು ಬಿಡಿಸಿ ನೋಡಿದರೆ ಅರ್ಧ ಜಗಳ ತಿಳಿಯಾಗುತ್ತದೆ. ಉಳಿದರ್ಧ ನಿಜವಾದ ಜಗಳ, ಅದು ಆಗಲೇಬೇಕು.

ಐನದಮಾರ್‌ನಲ್ಲಿ ಏನಾಗುತ್ತದೆ

ಗೊಲಿಹೋವ್ 1960ರಲ್ಲಿ ಅರ್ಜೆಂಟೀನಾದ ಲಾ ಪ್ಲಾಟಾದಲ್ಲಿ ಒಂದು ಯಹೂದಿ ಕುಟುಂಬದಲ್ಲಿ ಹುಟ್ಟಿದರು. ಐನದಮಾರ್ ಮೊದಲು ಆಡಿದ್ದು 2003ರಲ್ಲಿ. 2005ರಲ್ಲಿ ಅದನ್ನು ತಿದ್ದಿ ಮತ್ತೆ ಕಟ್ಟಿದರು. ಸುಮಾರು 80 ನಿಮಿಷದ ಕೃತಿ. ಸ್ಪೇನಿನ ಕವಿ ಫೆದೆರಿಕೊ ಗಾರ್ಸಿಯಾ ಲೋರ್ಕಾನನ್ನು 1936ರಲ್ಲಿ, ಅಂತರ್ಯುದ್ಧದ ಶುರುವಿನಲ್ಲೇ, ಗ್ರನಾಡಾದ ಹತ್ತಿರ ಗುಂಡಿಟ್ಟು ಕೊಂದರು. ಆ ಜಾಗದ ಬಳಿ ಇರುವ ಒಂದು ಬುಗ್ಗೆಯ ಹೆಸರೇ ಕೃತಿಯ ಹೆಸರು. ಲೋರ್ಕಾನ ನಾಟಕಗಳಲ್ಲಿ ಅಭಿನಯಿಸಿದ ನಟಿ ಮಾರ್ಗರೀಟಾ ಶಿರ್ಗು, ಮುದಿ ವಯಸ್ಸಿನಲ್ಲಿ, ದೂರದ ಉರುಗ್ವೆಯಲ್ಲಿ ಅವನನ್ನು ನೆನಪಿಸಿಕೊಳ್ಳುತ್ತಾಳೆ. ಕಥೆ ಇಷ್ಟೇ.

ಲೋರ್ಕಾನ ಪಾತ್ರವನ್ನು ಹಾಡುವುದು ಹೆಣ್ಣು ಧ್ವನಿ. ಗಂಡಸರ ಸ್ತ್ರೀವೇಷ ನೋಡಿ ಬೆಳೆದ ನಮ್ಮ ಪ್ರೇಕ್ಷಕರಿಗೆ ಇದನ್ನು ಒಪ್ಪಿಕೊಳ್ಳುವುದು ಕಷ್ಟವಾಗಲಾರದು. ಅವನನ್ನು ಬಂಧಿಸಲು ಬರುವ ರಾಜಕೀಯದವನ ಪಾತ್ರಕ್ಕೆ ಒಪೆರಾ ಗಾಯಕನಿಲ್ಲ. ಫ್ಲಮೆಂಕೊ ಹಾಡುವವನೇ ಬಂದು, ತನ್ನ ಒಡಕು ಕಂಠದಲ್ಲಿ, ತನ್ನ ಪದ್ಧತಿಯಲ್ಲೇ ಹಾಡುತ್ತಾನೆ. ಎಲೆಕ್ಟ್ರಾನಿಕ್ ಭಾಗದಲ್ಲಿ ನೀರಿನ ಸದ್ದಿದೆ, ಕುದುರೆಯ ಗೊರಸಿನ ಸದ್ದಿದೆ. ಕೊಲೆಯ ಹೊತ್ತಿನ ಗುಂಡಿನ ಸದ್ದು ಒಂದರ ಮೇಲೊಂದು ಬಿದ್ದು ನಿಧಾನವಾಗಿ ಫ್ಲಮೆಂಕೊದ ಲಯವೇ ಆಗಿಬಿಡುತ್ತದೆ.

ಈ ಕೊನೆಯ ಭಾಗವನ್ನು ಗಮನಿಸಬೇಕು. ಗುಂಡಿನ ಸದ್ದನ್ನು ಯಾವ ವಾದ್ಯದಿಂದಲೂ ಹೊರಡಿಸಲಾಗದು. ಅದು ರೆಕಾರ್ಡಿಂಗಿನಿಂದಲೇ ಬರಬೇಕು. ಆ ಸದ್ದು ಕೊಲ್ಲುವವರದ್ದು, ಲಯ ಸತ್ತವನ ನಾಡಿನದು. ಎಲೆಕ್ಟ್ರಾನಿಕ್ ಇಲ್ಲದಿದ್ದರೆ ಆ ದೃಶ್ಯವೇ ಇಲ್ಲ. ಕೃತಿ ಜನರನ್ನು ತಟ್ಟುವುದಕ್ಕೆ ಇದೂ ಒಂದು ಕಾರಣ ಎಂದು ನನಗೆ ಅನ್ನಿಸುತ್ತದೆ. ಅಬ್ಬರಕ್ಕೋಸ್ಕರ ತಂದ ಸದ್ದು ಅಲ್ಲಿಲ್ಲ.

ಅಲ್ಲಿಯೂ ಇದು ಸಲೀಸಾಗಿ ಬಂದದ್ದಲ್ಲ

ಒಪೆರಾಕ್ಕೆ ನಾಲ್ಕು ಶತಮಾನದ ಚರಿತ್ರೆ ಇದೆ. ಇವತ್ತಿಗೂ ಆಡುವ ಮೊದಮೊದಲ ಒಪೆರಾಗಳಲ್ಲಿ ಒಂದಾದ ಮಾಂಟೆವರ್ಡಿಯ ‘ಓರ್ಫೆಯೊ’ 1607ರದ್ದು. ಮೈಕಿಲ್ಲದೆ ದೊಡ್ಡ ವಾದ್ಯಮೇಳವನ್ನು ದಾಟಿ ಕೇಳಿಸುವ ಕಂಠವೇ ಅಲ್ಲಿನ ಹೆಮ್ಮೆ. ಅದಕ್ಕೆ ವರ್ಷಗಟ್ಟಲೆ ಸಾಧನೆ ಬೇಕು. ಹಾಗಾಗಿ 1999ರಲ್ಲಿ ನ್ಯೂಯಾರ್ಕ್ ಸಿಟಿ ಒಪೆರಾ ತನ್ನ ರಂಗಮಂದಿರದಲ್ಲಿ ಧ್ವನಿಯನ್ನು ಹಿಗ್ಗಿಸುವ ಎಲೆಕ್ಟ್ರಾನಿಕ್ ವ್ಯವಸ್ಥೆ ಹಾಕಿದಾಗ ದೊಡ್ಡ ವಿವಾದವಾಯಿತು. ನಮ್ಮಲ್ಲಿ ಮೈಕ್ ಬಂದಾಗ ಕೇಳಿದ ಮಾತುಗಳನ್ನೇ ಅವರೂ ಆಡಿದರು.

ಆದರೆ ಅದಕ್ಕೂ ನಲವತ್ತು ವರ್ಷ ಮೊದಲು, 1959ರಲ್ಲಿ, ಸ್ವೀಡನ್ನಿನ ಬ್ಲೂಮ್‌ಡಾಲ್ ಅವರ ‘ಅನಿಯಾರಾ’ದಲ್ಲಿ ಟೇಪಿನಲ್ಲಿ ಮುದ್ರಿಸಿದ ಎಲೆಕ್ಟ್ರಾನಿಕ್ ಸದ್ದು ಬಂದಿತ್ತು. ಅದು ದಾರಿ ತಪ್ಪಿದ ಗಗನನೌಕೆಯ ಕಥೆ. ನೌಕೆಯಲ್ಲಿರುವ ಯಂತ್ರಕ್ಕೆ ಮನುಷ್ಯ ಕಂಠ ಕೊಡದೆ ಟೇಪಿನ ಸದ್ದು ಕೊಟ್ಟರು. ಫಿನ್ಲೆಂಡಿನ ಕಾಯಾ ಸಾರಿಯಾಹೊ 2000ದಲ್ಲಿ ತಮ್ಮ ಮೊದಲ ಒಪೆರಾದಲ್ಲಿ ವಾದ್ಯಮೇಳದ ಜೊತೆ ಎಲೆಕ್ಟ್ರಾನಿಕ್ ಸ್ವರಗಳನ್ನು ಹೆಣೆದರು. 2021ರ ಕೃತಿಯಲ್ಲಿ ಒಂದು ಮುಖ್ಯ ಪಾತ್ರಕ್ಕೆ ತಮ್ಮ ನಾಡಿನ ಜನಪದ ಗಾಯಕಿಯನ್ನೇ ಕರೆತಂದರು. ದನಕರುಗಳನ್ನು ಕರೆಯುವ ಹಳೆಯ ಕೂಗಿನ ಧಾಟಿ ಹೀಗೆ ಒಪೆರಾದ ಒಳಗೆ ಬಂತು.

ಇಲ್ಲೆಲ್ಲ ಒಂದು ಸಮಾನ ಅಂಶವಿದೆ. ಪ್ರತಿ ಸ್ವರವೂ ಮೊದಲೇ ಬರೆದಿಟ್ಟದ್ದು. ವಾರಗಟ್ಟಲೆ ಅಭ್ಯಾಸ ನಡೆಯುತ್ತದೆ. ಎದುರಿಗೆ ನಿಂತ ಕಂಡಕ್ಟರ್ ಲಯವನ್ನು ನಡೆಸುತ್ತಾರೆ. ಎಲೆಕ್ಟ್ರಾನಿಕ್ ಸದ್ದನ್ನು ಸಣ್ಣ ಸಣ್ಣ ತುಂಡು ಮಾಡಿ, ಕಂಡಕ್ಟರ್ ಕೈ ನೋಡಿಕೊಂಡು ಕೀಬೋರ್ಡಿನಿಂದಲೋ ಕಂಪ್ಯೂಟರಿನಿಂದಲೋ ಬಿಡುವ ಕ್ರಮ ಈಗ ಸಾಮಾನ್ಯ. ಗಾಯಕಿ ಒಂದು ಸ್ವರವನ್ನು ಸ್ವಲ್ಪ ಎಳೆದರೆ ಮುಂದಿನ ತುಂಡು ಕಾಯುತ್ತದೆ. ಯಂತ್ರ ಅಲ್ಲಿ ಮೇಳದ ಒಬ್ಬ ವಾದಕನ ಹಾಗೆ ಕೂತಿದೆ.

ಆಟದ ಕಾಲ ಯಾರ ಕೈಯಲ್ಲಿ

ಯಕ್ಷಗಾನದ ದಕ್ಷಿಣದ ಶೈಲಿಯಾದ ತೆಂಕುತಿಟ್ಟಿನ ರಂಗಸ್ಥಳಕ್ಕೆ ಬನ್ನಿ. ಜಾಗಟೆ ಹಿಡಿದು ಹಾಡುತ್ತಾ ಆಟ ನಡೆಸುವ ಭಾಗವತರು, ಮದ್ದಳೆ, ಚೆಂಡೆ, ಚಕ್ರತಾಳ. ಎದುರಿಗೆ ವೇಷ, ಅಂದರೆ ಪಾತ್ರಧಾರಿ. ಭಾಗವತರನ್ನೇ ಮೊದಲನೇ ವೇಷ ಅನ್ನುವುದು ವಾಡಿಕೆ. ಪ್ರಸಂಗದ ಪದಗಳು ಮಾತ್ರ ಬರೆದಿರುತ್ತವೆ. ಯಾವ ಪದ ಎತ್ತಬೇಕು, ಯಾವುದನ್ನು ಬಿಡಬೇಕು, ಎಷ್ಟು ಸಲ ಆವರ್ತಿಸಬೇಕು, ಯಾವ ಕಾಲದಲ್ಲಿ ನಡೆಸಬೇಕು ಎಂಬುದೆಲ್ಲ ಆಗಿಂದಾಗ್ಗೆ ತೀರ್ಮಾನವಾಗುತ್ತದೆ. ತೀರ್ಮಾನ ಭಾಗವತರದ್ದು. ಆದರೆ ಅವರ ಕಣ್ಣು ವೇಷದ ಮೇಲಿರುತ್ತದೆ.

ಒಬ್ಬ ಪುಂಡುವೇಷದವರು, ಅಂದರೆ ತರುಣ ವೀರನ ಪಾತ್ರದವರು, ಧೀಂಗಿಣ (ಸುತ್ತುತ್ತಾ ಹಾರುವ ಕುಣಿತ) ಹೊಡೆಯಲು ಶುರು ಮಾಡಿದರು ಎಂದುಕೊಳ್ಳಿ. ಎಷ್ಟು ಸುತ್ತು ಎಂದು ಯಾರೂ ಮೊದಲೇ ಬರೆದಿಟ್ಟಿಲ್ಲ. ಆ ದಿನದ ಉಸಿರು, ಆ ದಿನದ ಸಭೆ ಅದನ್ನು ನಿರ್ಧರಿಸುತ್ತವೆ. ಚೆಂಡೆಯವರು ಕಾಲನ್ನೇ ನೋಡುತ್ತಾ ಏರಿಸುತ್ತಾರೆ. ಸಾಕು ಅನ್ನಿಸಿದಾಗ ಒಂದು ಕಣ್ಸನ್ನೆ, ಮುಕ್ತಾಯ. ಆಗಲೇ ಕಟ್ಟಿ ಆಡುವ ಮಾತು, ಅಂದರೆ ಅರ್ಥಗಾರಿಕೆಯೂ ಹಾಗೆ. ಕಲಾವಿದ ಒಂದು ದಿನ ಎರಡು ನಿಮಿಷ ಮಾತಾಡಿದ್ದನ್ನು ಇನ್ನೊಂದು ದಿನ ಹತ್ತು ನಿಮಿಷ ಆಡುತ್ತಾರೆ. ಎದುರು ಪಾತ್ರ ಹೊಸ ಪ್ರಶ್ನೆ ಎಸೆದರೆ ಸಂವಾದ ಬೇರೆ ದಾರಿ ಹಿಡಿಯುತ್ತದೆ. ಆ ಮಾತಿನ ಕೊನೆಯ ಎಳೆಯನ್ನು ಹಿಡಿದೇ ಭಾಗವತರು ಮುಂದಿನ ಪದವನ್ನು ಎತ್ತುಗಡೆ ಮಾಡುತ್ತಾರೆ.

ಈಗ ಇದರ ನಡುವೆ ಮೊದಲೇ ತಯಾರಿಸಿದ ಒಂದು ಟ್ರ್ಯಾಕ್ ಹಾಕಿ ನೋಡಿ. ಟ್ರ್ಯಾಕಿಗೆ ಕಣ್ಣಿಲ್ಲ. ಅದು ನಿಮಿಷಕ್ಕೆ ಇಷ್ಟು ಪೆಟ್ಟು ಎಂದು ಹೋಗುತ್ತಲೇ ಇರುತ್ತದೆ. ವೇಷ ಎರಡು ಸುತ್ತು ಜಾಸ್ತಿ ಹೊಡೆಯುವ ಹಾಗಿಲ್ಲ. ಭಾಗವತರು ಒಂದು ಸಾಲನ್ನು ಇನ್ನೊಮ್ಮೆ ಎತ್ತುವ ಹಾಗಿಲ್ಲ. ಚೆಂಡೆಯವರು ಕಲಾವಿದನ ಕಾಲು ಬಿಟ್ಟು ಸ್ಪೀಕರಿಗೆ ಕಿವಿ ಕೊಡಬೇಕು. ಸಂಗೀತ ಚೆನ್ನಾಗಿಯೇ ಇರಬಹುದು. ಆದರೆ ಆಟವನ್ನು ನಡೆಸುವವರು ಈಗ ರಂಗದ ಮೇಲಿಲ್ಲ.

ಒಪೆರಾದಲ್ಲಿ ಅದೇ ಟ್ರ್ಯಾಕ್ ಬಂದರೆ ಕಳೆದುಹೋಗುವುದು ಕಡಿಮೆ. ಏಕೆಂದರೆ ಅಲ್ಲಿ ಎಲ್ಲ ಮೊದಲೇ ಗೊತ್ತುಪಡಿಸಿದ್ದು. ಇಲ್ಲಿ ಕಳೆದುಹೋಗುವುದು ಕಲೆಯ ಬೆನ್ನೆಲುಬು. ಒಂದೇ ಉಪಕರಣಕ್ಕೆ ಅಲ್ಲಿ ಹೊಗಳಿಕೆ, ಇಲ್ಲಿ ತಕರಾರು ಬರುವುದು ಇದರಿಂದ.

ಹಳೆಯ ಬದಲಾವಣೆಗಳು ಯಾಕೆ ಒಗ್ಗಿದವು

ಹಾಗಂತ ತೆಂಕುತಿಟ್ಟು ಬದಲಾಗಲೇ ಇಲ್ಲ ಎಂದು ಹೇಳಿದರೆ ತಪ್ಪು. ಪ್ರಸಂಗಗಳ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆ ಯಾವತ್ತೂ ಒಂದೇ ಭಾಷೆಯ, ಒಂದೇ ಸಂಗೀತದ ಊರಾಗಿರಲಿಲ್ಲ. ಕನ್ನಡ, ತುಳು, ಮಲಯಾಳ, ಕೊಂಕಣಿ, ಮರಾಠಿ, ಬ್ಯಾರಿ ಭಾಷೆ ಇಲ್ಲಿ ಒಂದೇ ಪೇಟೆಯಲ್ಲಿ ಕೇಳುತ್ತವೆ. ಕಥಕಳಿಯ ಜೊತೆಗಿನ ನೆಂಟಸ್ತಿಕೆ ತೆಂಕಿನ ಚೆಂಡೆಯಲ್ಲೂ ವೇಷದಲ್ಲೂ ಕಾಣುತ್ತದೆ.

ಶ್ರುತಿಗೆ ಮೊದಲು ಪುಂಗಿ ಇತ್ತು. ಆಮೇಲೆ ಹಾರ್ಮೋನಿಯಂ, ಆಮೇಲೆ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ. ಶ್ರುತಿಪೆಟ್ಟಿಗೆ ಅಪ್ಪಟ ಎಲೆಕ್ಟ್ರಾನಿಕ್ ವಾದ್ಯವೇ ಅಲ್ವಾ? ಅದಕ್ಕೆ ಯಾಕೆ ಜಗಳವಾಗಲಿಲ್ಲ? ಶ್ರುತಿಗೆ ಕಾಲದ ಹಂಗಿಲ್ಲ. ಅದು ಒಂದೇ ಸಮನೆ ಇರುತ್ತದೆ, ಭಾಗವತರು ಅದರ ಮೇಲೆ ಬೇಕಾದ ಹಾಗೆ ನಡೆಯಬಹುದು. ಲಯಕ್ಕೆ ಅದು ಕೈ ಹಾಕುವುದಿಲ್ಲ.

ಮೈಕಿನ ಕಥೆ ಸ್ವಲ್ಪ ಬೇರೆ. ಅದು ಲಯವನ್ನು ಮುಟ್ಟಲಿಲ್ಲ, ಆದರೆ ಕಂಠವನ್ನು ಬದಲಿಸಿತು. ದೀವಟಿಗೆಯ ಕಾಲದಲ್ಲಿ ಬಯಲಿನ ಕೊನೆಗೆ ಕೇಳಬೇಕಾದರೆ ಏರು ಶ್ರುತಿಯೇ ಗತಿ. ಪಡ್ರೆಯ ಬಲಿಪ ನಾರಾಯಣ ಭಾಗವತರು ಆ ಪರಂಪರೆಯ ಕಂಠವನ್ನು ನಮ್ಮ ಕಾಲದವರೆಗೆ ಉಳಿಸಿಕೊಂಡು ಬಂದು 2023ರಲ್ಲಿ ತೀರಿಕೊಂಡರು. ಮೈಕ್ ಬಂದ ಮೇಲೆ ಮೆಲುದನಿಗೂ ಜಾಗ ಸಿಕ್ಕಿತು. ರಾಗವನ್ನು ಬಿಡಿಸಿ ಹಾಡಲು ಅವಕಾಶವಾಯಿತು. ದಾಮೋದರ ಮಂಡೆಚ್ಚರಂಥ ಭಾಗವತರು ಕರ್ನಾಟಕ ಸಂಗೀತದ ಸೊಗಸನ್ನು ಪದಗಳಿಗೆ ತಂದರು. ಮಧೂರಿನಲ್ಲಿ ಹುಟ್ಟಿದ ಲೀಲಾವತಿ ಬೈಪಾಡಿತ್ತಾಯರು ಶಾಸ್ತ್ರೀಯ ಸಂಗೀತ ಕಲಿತು, ಮದುವೆಯಾದ ಮೇಲೆ ಪತಿಯಿಂದ ಭಾಗವತಿಕೆ ಕಲಿತು, ಮೇಳಗಳಲ್ಲಿ ಹಾಡಿದ ಮೊದಲ ವೃತ್ತಿಪರ ಭಾಗವತೆಯಾದರು. 2024ರ ಡಿಸೆಂಬರಿನಲ್ಲಿ ಅವರನ್ನು ಕಳೆದುಕೊಂಡೆವು. ಇವರೆಲ್ಲ ಹೊಸತನ್ನು ತಂದರು. ಆದರೆ ಜಾಗಟೆ ಅವರ ಕೈಯಲ್ಲೇ ಇತ್ತು.

ಶಿವರಾಮ ಕಾರಂತರ ಉದಾಹರಣೆಯನ್ನು ಎರಡೂ ಕಡೆಯವರು ಬಳಸುತ್ತಾರೆ. ಅವರು ತಮ್ಮ ಯಕ್ಷಗಾನ ಬ್ಯಾಲೆಗೆ ಪಿಟೀಲು, ಸ್ಯಾಕ್ಸೊಫೋನ್ ತಂದರು, ಆಟವನ್ನು ಕೆಲವೇ ಗಂಟೆಗಳಿಗೆ ಇಳಿಸಿದರು. ಕಾರಂತರೇ ಮಾಡಿದ್ದಾರೆ, ನಾವು ಮಾಡಿದರೆ ಏನು ಅನ್ನುವವರು ಒಂದು ವಿಷಯ ಬಿಟ್ಟುಬಿಡುತ್ತಾರೆ. ಕಾರಂತರು ಅದೇ ಹೊತ್ತಿಗೆ ಮಾತುಗಾರಿಕೆಯನ್ನು ತೆಗೆದರು, ಎಲ್ಲವನ್ನೂ ಮೊದಲೇ ಅಭ್ಯಾಸ ಮಾಡಿಸಿದರು, ಅದಕ್ಕೆ ಬೇರೆ ಹೆಸರು ಕೊಟ್ಟರು. ಕೂಡಿಸಿದ್ದಕ್ಕೆ ಬೆಲೆ ತೆತ್ತಿದ್ದರು. ಅವರನ್ನು ಬೈಯುವವರೂ ಇದನ್ನು ನೆನಪಿಡುವುದು ಒಳ್ಳೆಯದು. ಮೇಳದ ಆಟವನ್ನು ಹೀಗೇ ಮಾಡಿ ಎಂದು ಹೇಳಿ ಅವರು ಸ್ಯಾಕ್ಸೊಫೋನ್ ಹಿಡಿಸಲಿಲ್ಲ.

ಯಾರು ಏನು ಹೇಳುತ್ತಿದ್ದಾರೆ

ಪರಂಪರೆಯ ಕಡೆಯವರ ಮಾತು ಹೀಗೆ: ಹಿಮ್ಮೇಳದ ಪ್ರತಿ ವಾದ್ಯಕ್ಕೂ ಒಂದು ಕೆಲಸವಿದೆ, ಇನ್ನೊಂದು ಸೇರಿಸಿದರೆ ಒಂದರ ಕೆಲಸ ತಪ್ಪುತ್ತದೆ. ಕೀಬೋರ್ಡ್ ತುಂಬಿದಲ್ಲಿ ಮದ್ದಳೆಯ ನುಡಿತ ಮಸುಕಾಗುತ್ತದೆ ಎಂಬುದು ನಿಜ. ಹರಕೆ ಆಟ ಸೇವೆ, ಅದನ್ನು ಮನರಂಜನೆಯ ಲೆಕ್ಕದಲ್ಲಿ ಅಳೆಯಬೇಡಿ ಎಂಬ ಮಾತೂ ಅದರ ಜೊತೆಗಿದೆ.

ಪ್ರಯೋಗದ ಕಡೆಯವರು ಕೇಳುವ ಪ್ರಶ್ನೆಯೂ ಸಣ್ಣದಲ್ಲ. ಹದಿನೆಂಟರ ಹುಡುಗ ಹುಡುಗಿಯರು ದಿನವಿಡೀ ಇಯರ್‌ಫೋನಿನಲ್ಲಿ ಕೇಳುವುದು ದಪ್ಪ ಬೇಸ್ ಇರುವ ಸಂಗೀತ. ಅವರನ್ನು ರಂಗದ ಎದುರು ಕೂರಿಸುವುದು ಹೇಗೆ? ಗಾನವೈಭವ, ಇಬ್ಬರು ಭಾಗವತರು ಸೇರಿ ಹಾಡುವ ದ್ವಂದ್ವ ಭಾಗವತಿಕೆಗಳೂ ಒಂದು ಕಾಲದಲ್ಲಿ ಇರಲಿಲ್ಲ. ಇವತ್ತು ಅವುಗಳಿಂದಲೇ ಎಷ್ಟೋ ಜನ ಭಾಗವತಿಕೆಯ ರುಚಿ ಹತ್ತಿಸಿಕೊಂಡಿದ್ದಾರೆ.

ನಡುವೆ ಕಲಾವಿದರಿದ್ದಾರೆ. ಅವರ ಮಾತು ಕಡಿಮೆ ಕೇಳಿಸುತ್ತದೆ, ಆದರೆ ನನಗೆ ಅದೇ ಹೆಚ್ಚು ತೂಕದ್ದು ಅನ್ನಿಸುತ್ತದೆ. ಮಳೆಗಾಲಕ್ಕೆ ಮೊದಲು ಮೇಳದ ತಿರುಗಾಟ ಮುಗಿಯುವ ಪತ್ತನಾಜೆಗೆ ಗೆಜ್ಜೆ ಬಿಚ್ಚಿದರೆ ಮೇಳದ ಸಂಬಳ ನಿಲ್ಲುತ್ತದೆ. ಮಳೆಗಾಲದಲ್ಲಿ ವೇಷವಿಲ್ಲದೆ ಕೂತು ನಡೆಸುವ ತಾಳಮದ್ದಳೆ, ಗಾನವೈಭವಗಳೇ ಆಸರೆ. ಹೊಸ ಕಾರ್ಯಕ್ರಮ ಬಂದರೆ ಒಂದು ಸಂಭಾವನೆ ಹೆಚ್ಚು ಸಿಗುತ್ತದೆ. ಆದರೆ ಚೆಂಡೆಯ ಪೆಟ್ಟುಗಳನ್ನೇ ಪ್ಯಾಡಿನಲ್ಲಿ ತುಂಬಿ ಇಟ್ಟರೆ ನಾಳೆ ಚೆಂಡೆಯವರೇ ಬೇಡವಾಗಬಹುದು. ಒಂದೇ ತಂತ್ರ ಅವರಿಗೆ ಕೆಲಸವನ್ನೂ ಕೊಡಬಹುದು, ಕೆಲಸವನ್ನೂ ಕಿತ್ತುಕೊಳ್ಳಬಹುದು.

ಕಾಲಮಿತಿಯ ಒತ್ತಡ

ಈ ಜಗಳಕ್ಕೆ ಕಾನೂನಿನ ಒಂದು ಕೊಂಡಿಯೂ ಇದೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರ ತನಕ ಬಯಲಿನಲ್ಲಿ ಧ್ವನಿವರ್ಧಕ ಬಳಸುವ ಹಾಗಿಲ್ಲ. ಹಬ್ಬಹರಿದಿನಗಳಿಗೆಂದು ರಾಜ್ಯ ಸರ್ಕಾರ ಮಧ್ಯರಾತ್ರಿಯ ತನಕ ಸಡಿಲಿಕೆ ಕೊಡಬಹುದು, ಅದೂ ವರ್ಷಕ್ಕೆ 15 ದಿನ ಮೀರದಂತೆ. ಜನವಸತಿ ಇರುವಲ್ಲಿ ಮಿತಿ ಹಗಲು 55 ಡೆಸಿಬಲ್, ರಾತ್ರಿ 45. ಕರ್ನಾಟಕ-ಕೇರಳ ಗಡಿಯ ಎರಡೂ ಬದಿಗೆ ಇದೇ ನಿಯಮ. ರಾತ್ರಿಯಿಡೀ ಆಡುತ್ತಿದ್ದ ಕಟೀಲು ಮೇಳಗಳು ಕಾಲಮಿತಿಗೆ ತಿರುಗಿದ್ದು, ವಿಷಯ ಹೈಕೋರ್ಟಿನ ತನಕ ಹೋದದ್ದು ಇಲ್ಲಿನವರಿಗೆ ಗೊತ್ತಿರುವ ಸಂಗತಿ.

ಕಾಲಮಿತಿ ಬಂದರೆ ಪದಗಳು ಕಡಿಮೆಯಾಗುತ್ತವೆ. ಪದ ಕಡಿಮೆಯಾದಾಗ ಮೊದಲು ಹೋಗುವುದು ವಿಳಂಬದ ಪದಗಳು, ಏಕೆಂದರೆ ಅವು ಹೆಚ್ಚು ಹೊತ್ತು ಹಿಡಿಯುತ್ತವೆ. ಉಳಿದದ್ದು ಏರು ಪದ್ಯ, ಕುಣಿತ. ವೇಗವೇ ಮುಖ್ಯವಾದ ಆಟಕ್ಕೆ ಸಿದ್ಧ ಬೀಟ್ ಸುಲಭವಾಗಿ ಅಂಟಿಕೊಳ್ಳುತ್ತದೆ. ಅಂಟಿದ ಮೇಲೆ ದೊಡ್ಡ ಸ್ಪೀಕರ್ ಬೇಕು. ದೊಡ್ಡ ಸ್ಪೀಕರ್ ಬಂದರೆ ನೆರೆಯವರ ದೂರು ಜಾಸ್ತಿ, ಸಮಯದ ಮೇಲೆ ಹಿಡಿತ ಇನ್ನೂ ಬಿಗಿ. ಹೀಗೆ ಒಂದು ಇನ್ನೊಂದನ್ನು ತಳ್ಳುತ್ತದೆ. ಎಲೆಕ್ಟ್ರಾನಿಕ್ ಸಂಗೀತದಿಂದ ಯಕ್ಷಗಾನ ಅವಸರಕ್ಕೆ ಬಿತ್ತು ಅನ್ನುವುದು ಅರ್ಧ ಸತ್ಯ. ಅವಸರ ಬಂದದ್ದರಿಂದಲೂ ಎಲೆಕ್ಟ್ರಾನಿಕ್ ಸಂಗೀತಕ್ಕೆ ಬಾಗಿಲು ತೆರೆಯುತ್ತದೆ.

ಕಾಸರಗೋಡಿಗೆ ಬೀಳುವ ಹೆಚ್ಚಿನ ಪೆಟ್ಟು

ಮಂಗಳೂರಿನಲ್ಲೋ ಉಡುಪಿಯಲ್ಲೋ ಪದದ ನಾಲ್ಕು ಅಕ್ಷರ ಕೇಳದೆ ಹೋದರೆ ನಷ್ಟ ಒಂದು ಬಗೆ. ಕಾಸರಗೋಡಿನಲ್ಲಿ ಅದೇ ನಷ್ಟ ದೊಡ್ಡದು. 1956ರ ನವೆಂಬರ್ 1ರಂದು ಈ ನೆಲ ಕೇರಳಕ್ಕೆ ಸೇರಿತು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕು ಎಂದು 1967ರಲ್ಲಿ ಮಹಾಜನ ಆಯೋಗ ಹೇಳಿದ್ದು ಕಾಗದದಲ್ಲೇ ಉಳಿಯಿತು. ಇವತ್ತು ಇಲ್ಲಿನ ಎಷ್ಟೋ ಕನ್ನಡ ಮನೆಗಳ ಮಕ್ಕಳು ಇಂಗ್ಲಿಷ್ ಅಥವಾ ಮಲಯಾಳ ಮಾಧ್ಯಮದಲ್ಲಿ ಓದುತ್ತಾರೆ. ಅವರಿಗೆ ಶಾಲೆಯ ಪುಸ್ತಕದ ಹೊರಗೆ ಹಳೆಯ ಕನ್ನಡ ಪದ್ಯ, ಕಟ್ಟಿದ ಮಾತು ಕಿವಿಗೆ ಬೀಳುವ ಜಾಗ ಯಾವುದು? ಆಟ, ತಾಳಮದ್ದಳೆ. ಶೇಣಿ ಗೋಪಾಲಕೃಷ್ಣ ಭಟ್ಟರಂಥ ಅರ್ಥಧಾರಿಯನ್ನು ಕೊಟ್ಟ ಊರಿದು. ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮಿಗಳ ಹೆಸರು ದೇಶಕ್ಕೆ ಗೊತ್ತಾದದ್ದು 1973ರ ಸುಪ್ರೀಂ ಕೋರ್ಟ್ ತೀರ್ಪಿನಿಂದ. ಇಲ್ಲಿನವರಿಗೆ ಅವರು ಹಾಡುವ, ಭಾಗವತಿಕೆ ಬಲ್ಲ ಸ್ವಾಮಿಗಳೂ ಆಗಿದ್ದರು. ಕೇರಳದ ಶಾಲಾ ಕಲೋತ್ಸವದಲ್ಲಿ ಯಕ್ಷಗಾನವೂ ಒಂದು ಸ್ಪರ್ಧೆ ಎಂಬುದು ನಮಗೆ ಸಿಕ್ಕ ದೊಡ್ಡ ಅನುಕೂಲ.

ಬೇಸ್ ತುಂಬಿದ ಸದ್ದಿನ ಕೆಳಗೆ ಪದದ ಸಾಹಿತ್ಯ ಮುಳುಗಿದರೆ ಮಕ್ಕಳಿಗೆ ಉಳಿಯುವುದು ಕುಣಿತ, ಬಣ್ಣ. ಕುಣಿತ ಬಣ್ಣಕ್ಕೆ ಕನ್ನಡ ಬೇಕಾಗಿಲ್ಲ. ಸ್ಪೀಕರಿನ ಸದ್ದಿನ ಸಮತೋಲನ ಹೀಗೆ ಇಲ್ಲಿ ಭಾಷೆಯ ಪ್ರಶ್ನೆಯೂ ಆಗುತ್ತದೆ. ಒಪೆರಾ ಪ್ರೇಕ್ಷಕರಿಗೆ ಈ ಭಯ ಕಡಿಮೆ. ಅಲ್ಲಿ ಹಾಡಿನ ಅರ್ಥ ಕುರ್ಚಿಯ ಎದುರಿನ ಸಣ್ಣ ಪರದೆಯಲ್ಲೋ ರಂಗದ ಮೇಲ್ಗಡೆಯೋ ಬರಹದಲ್ಲಿ ಬರುತ್ತದೆ.

ಸದ್ದಿನ ಒಡೆಯರು ಯಾರು

ಇನ್ನೊಂದು ಪ್ರಶ್ನೆ ಸದ್ಯಕ್ಕೆ ಮೆಲುವಾಗಿ ಕೇಳುತ್ತಿದೆ, ಮುಂದೆ ಜೋರಾಗುತ್ತದೆ. ಎಲೆಕ್ಟ್ರಾನಿಕ್ ಸಂಗೀತಕ್ಕೆ ಕಚ್ಚಾ ಮಾಲು ಬೇಕು. ಒಬ್ಬ ಚೆಂಡೆವಾದಕರ ಹತ್ತು ನಿಮಿಷದ ರೆಕಾರ್ಡಿಂಗ್ ಸಿಕ್ಕಿದರೆ ಅದನ್ನು ಕತ್ತರಿಸಿ ಎಷ್ಟು ಸಲ ಬೇಕಾದರೂ ಬಳಸಬಹುದು. 1957ರ ಕಾಪಿರೈಟ್ ಕಾಯ್ದೆ ಕಲಾವಿದರಿಗೆ ತಮ್ಮ ಪ್ರದರ್ಶನದ ಮೇಲೆ 50 ವರ್ಷದ ಹಕ್ಕು ಕೊಡುತ್ತದೆ. 2012ರ ತಿದ್ದುಪಡಿ ಅದನ್ನು ಗಟ್ಟಿ ಮಾಡಿತು. ಆದರೆ ಬರಹದ ಒಪ್ಪಂದ ಇಲ್ಲದ ಕ್ಷೇತ್ರದಲ್ಲಿ ಆ ಹಕ್ಕನ್ನು ಕೇಳಿ ಪಡೆಯುವುದು ಸುಲಭವಿಲ್ಲ.

ತುಳುವಿನ ಪಾಡ್ದನ, ದೈವಾರಾಧನೆಯಾದ ತೆಯ್ಯಂನ ತೋಟಂ ಹಾಡುಗಳಿಗೆ ಬಂದರೆ ಇನ್ನೂ ಸೂಕ್ಷ್ಮ. ಅವಕ್ಕೆ ಬರೆದವರ ಹೆಸರಿಲ್ಲ, ಕಾನೂನಿನಲ್ಲಿ ಒಡೆಯರಿಲ್ಲ. ಆದರೆ ಹಾಡುವ ಸಮುದಾಯಗಳಿವೆ, ಹಾಡಬೇಕಾದ ಹೊತ್ತಿದೆ, ನಂಬಿಕೆಯಿದೆ. ಅದರ ಒಂದು ಸಾಲನ್ನು ಕಿತ್ತು ಡಿಜೆ ಬೀಟಿನ ಮೇಲೆ ಕೂರಿಸಿದರೆ ನೋವಾಗುವುದು ಸಹಜ. ಗೊಲಿಹೋವ್, ಸಾರಿಯಾಹೊ ಅವರಿಂದ ನಾವು ಕಲಿಯಬೇಕಾದ ಮುಖ್ಯ ಪಾಠ ಇಲ್ಲಿದೆ ಎಂದು ನಾನು ನಂಬುತ್ತೇನೆ. ಅವರು ಜನಪದ ಕಂಠದ ತುಣುಕನ್ನು ಯಂತ್ರಕ್ಕೆ ತುಂಬಿ ಸುಮ್ಮನಾಗಲಿಲ್ಲ. ಹಾಡುವವರನ್ನೇ ಕರೆದು, ಪಾತ್ರ ಕೊಟ್ಟು, ಹೆಸರು ಹಾಕಿ, ರಂಗದ ಮೇಲೆ ನಿಲ್ಲಿಸಿದರು.

ಮುಂದೆ ಆಗಬಹುದಾದದ್ದು

ಕ್ಷೇತ್ರಗಳ ಹರಕೆ ಮೇಳಗಳಲ್ಲಿ ಎಲೆಕ್ಟ್ರಾನಿಕ್ ಲಯವಾದ್ಯ ಬೇಗ ಬರುವ ಲಕ್ಷಣವಿಲ್ಲ. ಅಲ್ಲಿ ಆಡಿಸುವವರ ನಂಬಿಕೆಯೇ ತಡೆ. ಬರುವುದು ಮದುವೆ ಸಭಾಂಗಣದ ಗಾನವೈಭವಕ್ಕೆ, ಫೋನಿಗೆಂದೇ ಮಾಡುವ ಸಣ್ಣ ವಿಡಿಯೊಗಳಿಗೆ, ಶಾಲಾ ಕಾಲೇಜು ವಾರ್ಷಿಕೋತ್ಸವಗಳಿಗೆ. ಇವು ಅಂಚಿನಲ್ಲಿವೆ ಎಂದು ಕೈಬಿಡುವ ಹಾಗಿಲ್ಲ. ಇವತ್ತು ಹತ್ತು ವರ್ಷದ ಮಗುವಿಗೆ ಯಕ್ಷಗಾನದ ಸದ್ದು ಮೊದಲು ಕೇಳುವುದು ಹೆಚ್ಚಾಗಿ ಇಲ್ಲೇ. ಅಲ್ಲಿ ಕೇಳಿದ ಒಂದೇ ಸಮನೆಯ ವೇಗಕ್ಕೆ ಕಿವಿ ಒಗ್ಗಿದರೆ, ಬಯಲಾಟದಲ್ಲಿ ಭಾಗವತರು ಲಯವನ್ನು ತಡೆದು ಹಿಡಿದಾಗ ಅದು ತಪ್ಪಿನ ಹಾಗೆ ಕೇಳಿಸುತ್ತದೆ. ಮುಂದಿನ ತಲೆಮಾರಿನ ಚೆಂಡೆವಾದಕರೂ ಆ ಕಿವಿಯಿಂದಲೇ ಬರುತ್ತಾರೆ.

ಹಾಗಾದರೆ ಬೇಡವೇ ಬೇಡ ಎಂದು ಬಾಗಿಲು ಹಾಕಬೇಕೇ? ಅದು ಆಗುವ ಮಾತಲ್ಲ, ಆಗಬೇಕಾದದ್ದೂ ಅಲ್ಲ. ಪಂಚವಟಿಯ ಮಾಯಾಜಿಂಕೆಗೋ ಲಂಕೆ ಉರಿಯುವ ಹೊತ್ತಿಗೋ ವಾದ್ಯದಿಂದ ಬಾರದ ಒಂದು ಸದ್ದು ಬೇಕು ಎಂದು ಒಬ್ಬ ಒಳ್ಳೆಯ ಭಾಗವತರಿಗೆ ಅನ್ನಿಸಬಹುದು. ಆಗ ಆ ಸದ್ದನ್ನು ಬಿಡುವವರು ಸೌಂಡಿನವರ ಮೇಜಿನ ಹಿಂದೆ ಕೂರಬಾರದು. ಹಿಮ್ಮೇಳದಲ್ಲಿ, ಭಾಗವತರ ಪಕ್ಕದಲ್ಲಿ ಕೂರಬೇಕು. ಮದ್ದಳೆಯವರ ಹಾಗೆ ಜಾಗಟೆಯನ್ನೂ ವೇಷದ ಕಾಲನ್ನೂ ನೋಡಬೇಕು. ತಾಳ ಗೊತ್ತಿರಬೇಕು, ಪ್ರಸಂಗ ಗೊತ್ತಿರಬೇಕು. ಅಂಥವರನ್ನು ತಯಾರು ಮಾಡಲು ಒಂದೆರಡು ಮಳೆಗಾಲ ಸಾಲದು. ಎಡನೀರು, ಕುಂಬಳೆ, ಪೆರ್ಲದ ಸುತ್ತ ಮಕ್ಕಳಿಗೆ ಹಿಮ್ಮೇಳ ಕಲಿಸುವ ಗುರುಗಳಿದ್ದಾರೆ. ಕಂಪ್ಯೂಟರಿನಲ್ಲಿ ಸಂಗೀತ ಕಟ್ಟುವ ಹುಡುಗರೂ ಅದೇ ಊರುಗಳಲ್ಲಿದ್ದಾರೆ. ಇವರಿಬ್ಬರು ಒಂದೇ ಚಾಪೆಯಲ್ಲಿ ಕೂತು ಅಭ್ಯಾಸ ಮಾಡಿದ ಮೇಲೆ ಬರುವ ಪ್ರಯೋಗಕ್ಕೂ, ಕಾರ್ಯಕ್ರಮದ ದಿನ ಸಂಜೆ ಟ್ರ್ಯಾಕ್ ಹಾಕಿ ಹಾಡಿ ಎನ್ನುವುದಕ್ಕೂ ಇರುವ ದೂರವನ್ನು ಪ್ರೇಕ್ಷಕರೇ ಕೇಳಿ ತಿಳಿದುಕೊಳ್ಳುತ್ತಾರೆ.